ಮನೆಯ ಹಾಲ್‌ನಲ್ಲಿ ಕಂಪ್ಯೂಟರ್ ಕಟ್ಟಿದ ಕೊನ್ರಾಡ್ ಝೂಸೆ

ನಮ್ಮ ವಾರ್ತಾಪತ್ರದಲ್ಲಿ ವಿಜ್ಞಾನಿಗಳ ಜೀವನಚರಿತ್ರೆ ಬರೆಯುವವರು ಹೆಚ್ಚಾಗಿ ಸೈನ್ಸ್ ವಿಭಾಗದ ಗೆಳೆಯರು. ಈ ಸಂಚಿಕೆಯಲ್ಲಿ ಕಾಮರ್ಸ್ ವಿದ್ಯಾರ್ಥಿಯಾದ ನಾನು ಒಬ್ಬ ಇಂಜಿನಿಯರ್ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ. ಜರ್ಮನಿಯ ಕೊನ್ರಾಡ್ ಝೂಸೆ ಅವರ ಜೀವನವನ್ನು ಓದುತ್ತಾ ಹೋದಂತೆ ಅದು ನನಗೆ ಒಂದು ಲೆಕ್ಕದ ಪುಸ್ತಕದ ಹಾಗೆ ಕಂಡಿತು. ಬಂಡವಾಳ ಎಷ್ಟು, ಯಾರು ಕೊಟ್ಟರು, ಯಾವ ಬಿಡಿಭಾಗಕ್ಕೆ ಖರ್ಚು ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗಳು ಅವರ ಜೀವನದ ಉದ್ದಕ್ಕೂ ಇವೆ.

ಝೂಸೆ ಅವರು 1910ರ ಜೂನ್ 22ರಂದು ಬರ್ಲಿನ್ ನಗರದಲ್ಲಿ ಹುಟ್ಟಿದರು. ತಂದೆ ಅಂಚೆ ಇಲಾಖೆಯ ನೌಕರ. ಸಂಬಳದ ಮೇಲೆ ನಡೆಯುವ ಸಾಧಾರಣ ಕುಟುಂಬ. ಬಾಲ್ಯ ಬ್ರೌನ್ಸ್‌ಬರ್ಗ್ ಎಂಬ ಊರಿನಲ್ಲಿ ಮತ್ತು ನಂತರ ಹೊಯೆರ್ಸ್‌ವೆರ್ಡಾದಲ್ಲಿ ಕಳೆಯಿತು. ಅವರಿಗೆ ಚಿತ್ರ ಬರೆಯುವುದು ಮತ್ತು ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಜೋಡಿಸುವ ಆಟಿಕೆ ಎರಡೂ ಇಷ್ಟ. ಶಾಲೆ ಮುಗಿದ ಮೇಲೆ ಬರ್ಲಿನ್‌ನ ಷಾರ್ಲೊಟೆನ್‌ಬರ್ಗ್ ತಾಂತ್ರಿಕ ಕಾಲೇಜಿಗೆ ಸೇರಿದರು. ಯಂತ್ರ ವಿಭಾಗ, ಆಮೇಲೆ ವಾಸ್ತುಶಿಲ್ಪ, ಕೊನೆಗೆ ಸಿವಿಲ್ ಇಂಜಿನಿಯರಿಂಗ್ ಎಂದು ವಿಷಯ ಬದಲಾಯಿಸಿ 1935ರಲ್ಲಿ ಪದವಿ ಪಡೆದರು.

ಓದುವಾಗಲೇ ಅವರಿಗೆ ಒಂದು ಕೆಲಸದ ಮೇಲೆ ಬೇಸರ ಹುಟ್ಟಿತ್ತು. ಸೇತುವೆ, ಚಾವಣಿಗಳ ಭಾರ ಲೆಕ್ಕ ಹಾಕಲು ಉದ್ದುದ್ದ ಸಮೀಕರಣಗಳನ್ನು ಕೈಯಿಂದ ಬಿಡಿಸಬೇಕಿತ್ತು. ಪದವಿಯ ನಂತರ ಹೆನ್‌ಷೆಲ್ ವಿಮಾನ ಕಾರ್ಖಾನೆಗೆ ಸೇರಿದಾಗಲೂ ಅದೇ ಕೆಲಸ. ಒಂದು ಉತ್ತರವನ್ನು ತೆಗೆದು ಇನ್ನೊಂದು ಕಾಲಂನಲ್ಲಿ ಬರೆಯುವುದು, ಮತ್ತೆ ಗುಣಿಸುವುದು, ಮತ್ತೆ ಬರೆಯುವುದು. ಲೆಡ್ಜರ್ ಪೋಸ್ಟಿಂಗ್ ಮಾಡಿದ ನಮಗೆ ಈ ಬೇಸರ ಹೊಸದಲ್ಲ. ಆ ಕಾಲದಲ್ಲಿ ಕೂಡುವ, ಗುಣಿಸುವ ಯಂತ್ರಗಳು ಇದ್ದವು. ಆದರೆ ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಮನುಷ್ಯನೇ ಅಂಕಿಗಳನ್ನು ದಾಟಿಸಬೇಕಿತ್ತು. ಹೆಜ್ಜೆಗಳ ಕ್ರಮವನ್ನೂ ಯಂತ್ರಕ್ಕೇ ಮೊದಲೇ ಕೊಟ್ಟುಬಿಟ್ಟರೆ ಆಗುತ್ತದಲ್ಲ ಎಂದು ಝೂಸೆ ಯೋಚಿಸಿದರು. ಇಂದು ನಾವು ಪ್ರೋಗ್ರಾಂ ಎನ್ನುವುದು ಇದನ್ನೇ.

1936ರಲ್ಲಿ ಅವರು ಸಂಬಳದ ಕೆಲಸ ಬಿಟ್ಟು, ತಂದೆ ತಾಯಿಯ ಬಾಡಿಗೆ ಮನೆಯ ಹಾಲ್‌ನಲ್ಲಿ ಯಂತ್ರ ಕಟ್ಟಲು ಕುಳಿತರು. ವಯಸ್ಸು 26. ಬ್ಯಾಂಕ್ ಸಾಲ ಇಲ್ಲ, ಸರ್ಕಾರದ ನೆರವು ಇಲ್ಲ. ಬಂಡವಾಳ ಬಂದದ್ದು ತಂದೆ ತಾಯಿಯಿಂದ, ಸಹೋದರಿಯಿಂದ ಮತ್ತು ಕಾಲೇಜಿನ ಗೆಳೆಯರಿಂದ. ಹಣ ಕೊಡಲಾಗದ ಗೆಳೆಯರು ಬಂದು ಕೈಕೆಲಸ ಮಾಡಿಕೊಟ್ಟರು. ಲೆಕ್ಕದ ಯಂತ್ರಗಳನ್ನು ತಯಾರಿಸುತ್ತಿದ್ದ ಕುರ್ಟ್ ಪಾಂಕೆ ಎಂಬ ಉದ್ಯಮಿ, ಈ ಕ್ಷೇತ್ರದಲ್ಲಿ ಹೊಸದಾಗಿ ಕಂಡುಹಿಡಿಯುವುದು ಏನೂ ಉಳಿದಿಲ್ಲ ಎಂದೇ ಮೊದಲು ನಂಬಿದ್ದರು. ಝೂಸೆ ಅವರ ಕೆಲಸವನ್ನು ನೋಡಿದ ಮೇಲೆ ಅವರೂ ಸ್ವಲ್ಪ ಹಣ ಕೊಟ್ಟರು.

ನನಗೆ ಬಹಳ ಹಿಡಿಸಿದ್ದು ಅವರು ಬಿಡಿಭಾಗ ಆರಿಸಿದ ರೀತಿ. ಆಗ ಮಾರುಕಟ್ಟೆಯಲ್ಲಿದ್ದ ಲೆಕ್ಕದ ಯಂತ್ರಗಳಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ತಿರುಗುವ ಹಲ್ಲಿನ ಚಕ್ರಗಳು ಇರುತ್ತಿದ್ದವು. ಹತ್ತು ಸ್ಥಾನಗಳಲ್ಲಿ ಸರಿಯಾಗಿ ನಿಲ್ಲುವ ಚಕ್ರವನ್ನು ಮಾಡಲು ನುರಿತ ಕೆಲಸಗಾರರು, ಒಳ್ಳೆಯ ಯಂತ್ರಗಳು ಬೇಕು. ಅಷ್ಟು ಹಣ ಅವರಲ್ಲಿ ಇರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಬಳಸುವ ರಿಲೇಗಳನ್ನು ತರಬಹುದಿತ್ತು. ಆದರೆ ಅಂಕಿಗಳನ್ನು ನೆನಪಿನಲ್ಲಿ ಇಡುವ ಭಾಗಕ್ಕೇ ಸಾವಿರಕ್ಕಿಂತ ಹೆಚ್ಚು ರಿಲೇ ಬೇಕಾಗುತ್ತಿತ್ತು; ಅಷ್ಟು ಖರ್ಚೂ ಜಾಗವೂ ಸಾಧ್ಯವಿರಲಿಲ್ಲ. ಆದ್ದರಿಂದ ಅವರು ಮೊದಲು ಲೆಕ್ಕದ ಪದ್ಧತಿಯನ್ನೇ ಬದಲಾಯಿಸಿದರು. ಹತ್ತರ ಬದಲು ಎರಡರ ಪದ್ಧತಿ, ಅಂದರೆ ಬೈನರಿ. ಇದರಲ್ಲಿ ಒಂದು ಭಾಗ ಎರಡೇ ಸ್ಥಾನಗಳಲ್ಲಿ ನಿಂತರೆ ಸಾಕು, ಇತ್ತ ಅಥವಾ ಅತ್ತ. ಅಷ್ಟು ಮಾಡಲು ತೆಳುವಾದ ಲೋಹದ ತಗಡು ಮತ್ತು ಒಂದು ಸಣ್ಣ ಕಡ್ಡಿ ಸಾಕಾಯಿತು. ಹೀಗೆ ಅಗ್ಗದ ಬಿಡಿಭಾಗದಿಂದ ಕೆಲಸವಾಗುವಂತೆ ಇಡೀ ಯಂತ್ರದ ಯೋಜನೆಯನ್ನು ರೂಪಿಸಿದರು.

ಗೆಳೆಯರು ಹಾಲ್‌ನಲ್ಲಿ ಕುಳಿತು ಸಣ್ಣ ಗರಗಸದಿಂದ ಸಾವಿರಾರು ತಗಡಿನ ತುಂಡುಗಳನ್ನು ಕತ್ತರಿಸಿದರು. ಮನೆಯವರು ಓಡಾಡುವ ಜಾಗವನ್ನು ಯಂತ್ರ ಆಕ್ರಮಿಸಿತು. 1938ರಲ್ಲಿ ಝಡ್1 ಸಿದ್ಧವಾಯಿತು. ಕಾರ್ಯಕ್ರಮದ ಸೂಚನೆಗಳನ್ನು ಬಳಸಿ ಬಿಟ್ಟ ಸಿನಿಮಾ ಫಿಲ್ಮ್‌ನಲ್ಲಿ ತೂತು ಹೊಡೆದು ಕೊಡುತ್ತಿದ್ದರು. ಫಿಲ್ಮ್ ಗಟ್ಟಿ, ಹರಿಯುವುದಿಲ್ಲ, ಗುಜರಿ ಬೆಲೆಗೆ ಸಿಗುತ್ತದೆ. ಆದರೆ ಯಂತ್ರ ನಂಬಿಕೆಗೆ ಯೋಗ್ಯವಾಗಿರಲಿಲ್ಲ. ನೆನಪಿನ ಭಾಗ ಚೆನ್ನಾಗಿ ನಡೆಯಿತು. ಕೂಡುವ ಗುಣಿಸುವ ಭಾಗದಲ್ಲಿ ತಗಡುಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಸಾವಿರಾರು ಭಾಗಗಳಲ್ಲಿ ಒಂದು ಸಿಕ್ಕಿಕೊಂಡರೂ ಇಡೀ ಲೆಕ್ಕ ನಿಂತಂತೆ.

ಇಲ್ಲಿ ಒಂದು ಕ್ಷಣ ನಮ್ಮ ಮನೆಯ ವಿಷಯ ಹೇಳುತ್ತೇನೆ. ನಾವೂ ಈಗ ಒಂದು ಡೆಸ್ಕ್‌ಟಾಪ್ ಜೋಡಿಸುವ ಲೆಕ್ಕದಲ್ಲಿದ್ದೇವೆ. ಅಬ್ಬಾ ಹಾಕಿರುವ ಮಿತಿ 25,000 ರೂಪಾಯಿ, ಮಾನಿಟರ್ ಸೇರಿ. ಆಪಾ ಬಿ.ಕಾಂ. ಮುಗಿಸಿದ್ದಾರೆ, ಮನೆಯಿಂದಲೇ ಎರಡು ಮೂರು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದುಕೊಡಬೇಕು ಎಂಬುದು ಅವರ ಆಸೆ. ಅಂದರೆ ಈ ಕಂಪ್ಯೂಟರ್ ಮನೆಗೆ ಸಂಪಾದನೆ ತರಬೇಕು. ತಮ್ಮನಿಗೆ ಗೇಮ್ ಆಡಲು ಗ್ರಾಫಿಕ್ಸ್ ಕಾರ್ಡ್ ಬೇಕಂತೆ. ಎಲ್ಲರ ಆಸೆಯೂ ಒಂದೇ ಬಜೆಟ್‌ನಲ್ಲಿ ಹಿಡಿಯುವುದಿಲ್ಲ. ಝೂಸೆ ಅವರ ಮುಂದಿನ ಎರಡು ಯಂತ್ರಗಳ ಕಥೆ ನನಗೆ ಈ ಕಾರಣಕ್ಕೇ ಉಪಯೋಗಕ್ಕೆ ಬಂತು.

ಝಡ್1 ಸರಿಯಾಗಿ ನಡೆಯದಿದ್ದಾಗ ಅವರು ಅದನ್ನು ಪೂರ್ತಿ ಎಸೆಯಲಿಲ್ಲ. ಚೆನ್ನಾಗಿದ್ದ ನೆನಪಿನ ಭಾಗವನ್ನು ಹಾಗೆಯೇ ಇಟ್ಟುಕೊಂಡು, ತೊಂದರೆ ಕೊಡುತ್ತಿದ್ದ ಲೆಕ್ಕದ ಭಾಗವನ್ನು ಮಾತ್ರ ಬದಲಾಯಿಸಿದರು. ಅದಕ್ಕೆ ಟೆಲಿಫೋನ್‌ನ ಹಳೆಯ ರಿಲೇಗಳನ್ನು ಬಳಸಿದರು, ಸುಮಾರು 600. ಸಂಖ್ಯೆಯ ಉದ್ದವನ್ನೂ 22 ಬಿಟ್‌ನಿಂದ 16 ಬಿಟ್‌ಗೆ ಇಳಿಸಿದರು. ಇದೇ ಝಡ್2. ರಿಲೇ ಮೇಲೆ ಭರವಸೆ ಇಡಬಹುದೇ ಎಂದು ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಮಾಡುವುದಷ್ಟೇ ಅದರ ಉದ್ದೇಶ. ನಡುವೆ 1939ರಲ್ಲಿ ಯುದ್ಧ ಶುರುವಾಗಿ ಅವರನ್ನು ಸೈನ್ಯಕ್ಕೆ ಕರೆದರು. ಕೆಲವು ತಿಂಗಳ ನಂತರ ಕಾರ್ಖಾನೆಯ ಕೆಲಸಕ್ಕಾಗಿ ಬಿಡುಗಡೆ ಸಿಕ್ಕಿತು. 1940ರಲ್ಲಿ ಜರ್ಮನಿಯ ವಿಮಾನ ಸಂಶೋಧನಾ ಸಂಸ್ಥೆಯವರಿಗೆ ಝಡ್2 ತೋರಿಸಿದರು. ಅವರು ಮುಂದಿನ ಯಂತ್ರಕ್ಕೆ ಹಣದ ನೆರವು ಕೊಟ್ಟರು.

ಝೂಸೆ ಅವರ ಆಪ್ತ ಗೆಳೆಯ ಹೆಲ್ಮುಟ್ ಶ್ರೇಯರ್ ಇನ್ನೂ ಮುಂದಿನ ಸಲಹೆ ಕೊಟ್ಟಿದ್ದರು. ರೇಡಿಯೋದಲ್ಲಿ ಇರುವಂಥ ವಾಲ್ವ್‌ಗಳನ್ನು ಬಳಸಿದರೆ ರಿಲೇಗಿಂತ ಎಷ್ಟೋ ಪಟ್ಟು ವೇಗ ಸಿಗುತ್ತಿತ್ತು. ಆದರೆ ಎರಡು ಸಾವಿರದಷ್ಟು ವಾಲ್ವ್ ಯಾರು ಕೊಡುತ್ತಾರೆ? ಸೈನ್ಯದ ಅಧಿಕಾರಿಗಳ ಮುಂದೆ ಇಟ್ಟಾಗ, ಅಷ್ಟು ಕಾಲ ಬೇಕಾದರೆ ಅದರೊಳಗೆ ಯುದ್ಧವೇ ಗೆದ್ದು ಮುಗಿದಿರುತ್ತದೆ ಎಂದು ಯೋಜನೆಯನ್ನು ತಳ್ಳಿಹಾಕಿದರು. ಝೂಸೆ ರಿಲೇಗಳಲ್ಲೇ ಮುಂದುವರಿದರು.

1941ರ ಮೇ 12ರಂದು ಬರ್ಲಿನ್‌ನಲ್ಲಿ ಝಡ್3 ಯಂತ್ರವನ್ನು ತೋರಿಸಿದರು. ಪ್ರೋಗ್ರಾಂ ಪ್ರಕಾರ ತಾನಾಗಿ ನಡೆದ, ಪೂರ್ಣವಾಗಿ ಕೆಲಸ ಮಾಡಿದ ಜಗತ್ತಿನ ಮೊದಲ ಕಂಪ್ಯೂಟರ್ ಎಂದು ಇದನ್ನು ಗುರುತಿಸುತ್ತಾರೆ. ಇದರ ನೆನಪಿನಲ್ಲಿ 64 ಸಂಖ್ಯೆಗಳು ಹಿಡಿಯುತ್ತಿದ್ದವು, ಪ್ರತಿಯೊಂದಕ್ಕೂ 22 ಬಿಟ್. ನಾನೇ ಗುಣಿಸಿ ನೋಡಿದೆ: 1,408 ಬಿಟ್, ಅಂದರೆ 176 ಬೈಟ್. ನಮ್ಮ ಮೊಬೈಲ್‌ನ ಒಂದು ಚಿಕ್ಕ ಫೋಟೋ ಕೂಡ ಇದರಲ್ಲಿ ಹಿಡಿಯುವುದಿಲ್ಲ. ಒಂದು ಬಿಟ್‌ಗೆ ಒಂದು ರಿಲೇ. ಇಡೀ ಯಂತ್ರದಲ್ಲಿ ಇದ್ದದ್ದು ಎರಡು ಸಾವಿರಕ್ಕೂ ಹೆಚ್ಚು ರಿಲೇ. ಅಂದರೆ ಖರ್ಚಿನ ದೊಡ್ಡ ಪಾಲು ಹೋದದ್ದು ಮೆಮೊರಿಗೇ. ಒಂದು ಗುಣಾಕಾರಕ್ಕೆ ಸುಮಾರು ಮೂರು ಸೆಕೆಂಡ್ ಬೇಕಾಗುತ್ತಿತ್ತು. ನಿಧಾನವೇ ಸರಿ, ಆದರೆ ಝಡ್1ರ ಹಾಗೆ ಸಿಕ್ಕಿಕೊಳ್ಳುತ್ತಿರಲಿಲ್ಲ.

ಈ ಲೆಕ್ಕದ ಪುಸ್ತಕದಲ್ಲಿ ಮನಸ್ಸಿಗೆ ಹಿಡಿಸದ ಒಂದು ಪುಟವೂ ಇದೆ. ಅದನ್ನು ಬಿಟ್ಟು ಬರೆದರೆ ಲೆಕ್ಕ ಸರಿ ಆಗುವುದಿಲ್ಲ. ತಂದೆ ತಾಯಿಯ ಹಣ ಮುಗಿದ ಮೇಲೆ ಬಂದದ್ದು ಹಿಟ್ಲರನ ಸರ್ಕಾರದ ಯುದ್ಧದ ಹಣ. ಝೂಸೆ ನಾಜಿ ಪಕ್ಷದ ಸದಸ್ಯರಾಗಿರಲಿಲ್ಲ. ಆದರೂ ಹೆನ್‌ಷೆಲ್ ಕಾರ್ಖಾನೆಯಲ್ಲಿ ವಿಮಾನದಿಂದ ಬಿಡುವ ಬಾಂಬ್‌ಗಳ ರೆಕ್ಕೆಗಳ ಅಳತೆ ಸರಿಪಡಿಸಲು ಅವರು ಮಾಡಿಕೊಟ್ಟ ಯಂತ್ರ ಬಳಕೆಯಲ್ಲಿತ್ತು. ಬಿಡಿಭಾಗ ಎಲ್ಲಿಂದ ಬಂತು ಎಂದು ಕೇಳುವ ಹಾಗೆಯೇ ಹಣ ಎಲ್ಲಿಂದ ಬಂತು, ಯಂತ್ರ ಯಾವ ಕೆಲಸಕ್ಕೆ ಹೋಯಿತು ಎಂದೂ ಕೇಳಬೇಕು. ಅವರ ಬುದ್ಧಿವಂತಿಕೆಯನ್ನು ನಾನು ಮೆಚ್ಚುತ್ತೇನೆ. ಆದರೆ ಆ ಬಾಂಬ್ ಬಿದ್ದ ಹಡಗುಗಳಲ್ಲಿ ಇದ್ದವರಿಗೆ ಆ ಮೆಚ್ಚುಗೆಯಿಂದ ಏನೂ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಅವರ ಜೀವನವನ್ನು ಓದಬೇಕು ಎನಿಸುತ್ತದೆ.

ಅದೇ ಯುದ್ಧ ಅವರ ಯಂತ್ರಗಳನ್ನೂ ಬಿಡಲಿಲ್ಲ. 1943ರ ಡಿಸೆಂಬರ್‌ನಲ್ಲಿ ಬರ್ಲಿನ್ ಮೇಲೆ ನಡೆದ ವಿಮಾನ ದಾಳಿಯಲ್ಲಿ ಝಡ್3 ನಾಶವಾಯಿತು. ಮುಂದಿನ ತಿಂಗಳು ಝಡ್1 ಮತ್ತು ಅದರ ನಕ್ಷೆಗಳೂ ಸುಟ್ಟುಹೋದವು. ಉಳಿದದ್ದು ಕಟ್ಟುತ್ತಿದ್ದ ಝಡ್4 ಒಂದೇ. ಇದರಲ್ಲಿ ಅವರು ಲೆಕ್ಕದ ಭಾಗಕ್ಕೆ ರಿಲೇ, ನೆನಪಿಗೆ ಮತ್ತೆ ಅದೇ ಲೋಹದ ತಗಡು ಬಳಸಿದ್ದರು. ಕಡಿಮೆ ಜಾಗ, ಕಡಿಮೆ ಖರ್ಚು. 1945ರಲ್ಲಿ ಬರ್ಲಿನ್ ಬೀಳುವ ಮುಂಚೆ ಆ ಯಂತ್ರವನ್ನು ಗಾಟಿಂಗನ್‌ಗೂ, ಅಲ್ಲಿಂದ ದಕ್ಷಿಣದ ಬೆಟ್ಟಗಳ ನಡುವಿನ ಹಿಂಟರ್‌ಸ್ಟೈನ್ ಎಂಬ ಹಳ್ಳಿಗೂ ಸಾಗಿಸಿದರು. ಅದೇ ವರ್ಷ ಅವರ ಮದುವೆಯೂ ಆಗಿತ್ತು.

1949ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಾಂತ್ರಿಕ ಸಂಸ್ಥೆಯ ಪ್ರೊಫೆಸರ್ ಎಡ್ವರ್ಡ್ ಸ್ಟೀಫೆಲ್ ಬಂದು ಯಂತ್ರವನ್ನು ನೋಡಿದರು. ಅವರು ಅದನ್ನು ಬಾಡಿಗೆಗೆ ತೆಗೆದುಕೊಂಡರು. 1950ರಿಂದ 1955ರವರೆಗೆ ಝಡ್4 ಅಲ್ಲಿ ಕೆಲಸ ಮಾಡಿತು. ಆ ಬಾಡಿಗೆ ಹಣ ಝೂಸೆ ಅವರ ಹೊಸ ಕಂಪನಿಗೆ ಜೀವ ಕೊಟ್ಟಿತು. ಕಂಪನಿ ಕ್ಯಾಮೆರಾ ಲೆನ್ಸ್ ತಯಾರಕರಿಗೆ, ಭೂಮಾಪನ ಕಚೇರಿಗಳಿಗೆ, ವಿಶ್ವವಿದ್ಯಾಲಯಗಳಿಗೆ ಒಟ್ಟು 251 ಕಂಪ್ಯೂಟರ್ ಮಾಡಿಕೊಟ್ಟಿತು. ಆದರೆ ತಂತ್ರಜ್ಞಾನ ರಿಲೇಯಿಂದ ವಾಲ್ವ್‌ಗೆ, ವಾಲ್ವ್‌ನಿಂದ ಟ್ರಾನ್ಸಿಸ್ಟರ್‌ಗೆ ಓಡುತ್ತಿತ್ತು. ಪ್ರತಿ ಹೊಸ ಮಾದರಿಗೂ ಹೊಸ ಬಂಡವಾಳ ಬೇಕು. ಸಾಲ ಬೆಳೆದು 1964ರಲ್ಲಿ ಕಂಪನಿ ಅವರ ಕೈ ಬಿಟ್ಟಿತು. 1967ರಲ್ಲಿ ಸೀಮೆನ್ಸ್ ಕೈಗೆ ಹೋಯಿತು. ಅದೇ 1967ರಲ್ಲಿ, ಝಡ್3ಕ್ಕೆ ಅವರು 1941ರಲ್ಲಿ ಕೇಳಿದ್ದ ಪೇಟೆಂಟ್ ಅನ್ನು ನ್ಯಾಯಾಲಯ ಕೊನೆಯದಾಗಿ ನಿರಾಕರಿಸಿತು. ಅದರಲ್ಲಿ ಆವಿಷ್ಕಾರದ ಮಟ್ಟ ಸಾಕಷ್ಟಿಲ್ಲ ಎಂಬುದು ಕಾರಣ.

ವಯಸ್ಸಾದ ಮೇಲೆ, 1986ರಿಂದ 1989ರವರೆಗೆ, ಝೂಸೆ ತಮ್ಮ ಮೊದಲ ಯಂತ್ರವನ್ನು ನೆನಪಿನಿಂದ ಮತ್ತೆ ಕಟ್ಟಿದರು. ಹಾಲ್‌ನಲ್ಲಿ ಗೆಳೆಯರ ಕೈಯಿಂದ ಆದ ಯಂತ್ರಕ್ಕೆ ಈ ಸಲ ಆದ ಖರ್ಚು ಸುಮಾರು 8 ಲಕ್ಷ ಜರ್ಮನ್ ಮಾರ್ಕ್! ಕಂಪನಿಗಳು ಆ ಹಣ ಕೊಟ್ಟವು. 1995ರ ಡಿಸೆಂಬರ್ 18ರಂದು ಹ್ಯೂನ್‌ಫೆಲ್ಡ್ ಎಂಬ ಊರಿನಲ್ಲಿ ಅವರು ತೀರಿಕೊಂಡರು.

ಅವರ ಜೀವನದಿಂದ ನಾನು ನಮ್ಮ ಮನೆಯ ಪಟ್ಟಿಗೆ ತೆಗೆದುಕೊಂಡದ್ದು ಇಷ್ಟು. ಮೊದಲು ಕೆಲಸ ಏನು ಎಂದು ಬರೆಯಬೇಕು, ಆಮೇಲೆ ಬಿಡಿಭಾಗ. ನಮ್ಮ ಕೆಲಸ ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ರಿಟರ್ನ್. ಇದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಸಾಕು. ಉಳಿದ ಹಣದಲ್ಲಿ ಎಸ್‌ಎಸ್‌ಡಿ ಮತ್ತು 16 ಜಿಬಿ ರ‍್ಯಾಮ್‌ಗೆ ಆದ್ಯತೆ. ಮದರ್‌ಬೋರ್ಡ್ ಪ್ರೊಸೆಸರ್‌ಗೂ ರ‍್ಯಾಮ್‌ಗೂ ಹೊಂದುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ನೋಡಬೇಕು, ಏಕೆಂದರೆ ಡಿಡಿಆರ್4 ರ‍್ಯಾಮ್ ಡಿಡಿಆರ್5 ಬೋರ್ಡ್‌ನಲ್ಲಿ ಕೂರುವುದೇ ಇಲ್ಲ. ಮಾನಿಟರ್, ಕೀಬೋರ್ಡ್ ಸೆಕೆಂಡ್ ಹ್ಯಾಂಡ್ ಆದರೆ ಪರವಾಗಿಲ್ಲ, ಕಣ್ಣೆದುರು ಆನ್ ಮಾಡಿ ನೋಡಿ ತರಬಹುದು. ಎಸ್‌ಎಂಪಿಎಸ್ ಮಾತ್ರ ಹೊಸದೇ, ಒಳ್ಳೆಯ ಕಂಪನಿಯದೇ ಬೇಕು. ಅದು ಕೆಟ್ಟರೆ ಜೊತೆಗೆ ಬೋರ್ಡನ್ನೂ ಸುಟ್ಟುಹಾಕಬಹುದು. ಮುಂದೆ ಆಪಾ ಕೆಲಸದಿಂದ ಹಣ ಬಂದಾಗ ಖಾಲಿ ಉಳಿದ ಸ್ಲಾಟ್‌ನಲ್ಲಿ ತಮ್ಮನ ಕಾರ್ಡ್ ಹಾಕಿಸೋಣ ಎಂದು ಅಬ್ಬಾ ಒಪ್ಪಿದ್ದಾರೆ.

ಝೂಸೆ ಮತ್ತೆ ಕಟ್ಟಿದ ಝಡ್1 ಇಂದು ಬರ್ಲಿನ್‌ನ ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿದೆ. ಝಡ್4 ಮ್ಯೂನಿಕ್‌ನಲ್ಲಿದೆ. ಯಾರಾದರೂ ಮುಂದೆ ಜರ್ಮನಿಗೆ ಓದಲು ಹೋದರೆ ಎರಡನ್ನೂ ನೋಡಿ ಬನ್ನಿ. ಸೀಮಿತ ಹಣದಲ್ಲಿ ಒಬ್ಬ ಮನುಷ್ಯ ಯಾವ ಭಾಗವನ್ನು ಆರಿಸಿದ, ಯಾವುದನ್ನು ಬಿಟ್ಟ ಎಂಬುದು ಆ ತಗಡುಗಳಲ್ಲಿ ಈಗಲೂ ಕಾಣುತ್ತದೆ.