ಶೆಲ್ಟರ್‌ನ ಮೇಜಿನ ಆಚೆ ಕೂತಿದ್ದ ಸ್ಕಾಟ್ ಲಾ ರಾಕ್

ಹಿಪ್‌ಹಾಪ್‌ನ ಸುವರ್ಣಯುಗದ ಆಲ್ಬಂಗಳ ಯಾವ ಪಟ್ಟಿ ತೆಗೆದು ನೋಡಿದರೂ 1987ರ ‘ಕ್ರಿಮಿನಲ್ ಮೈಂಡೆಡ್’ ಅಲ್ಲಿರುತ್ತೆ. ಮಾಡಿದ್ದು ಬೂಗಿ ಡೌನ್ ಪ್ರೊಡಕ್ಷನ್ಸ್ ಅನ್ನೋ ನ್ಯೂಯಾರ್ಕಿನ ತಂಡ. ಇರೋದು ಹತ್ತೇ ಹಾಡು. ಇದರ ಬಗ್ಗೆ ಬರೆಯುವವರು ಹೆಚ್ಚಾಗಿ ಬರೆಯೋದು ಅದರ ರ‍್ಯಾಪರ್ ಕೆಆರ್‌ಎಸ್-ಒನ್ ಬಗ್ಗೆ. (ನಮಗೆ ಕೆಆರ್‌ಎಸ್ ಅಂದ ತಕ್ಷಣ ಕನ್ನಂಬಾಡಿ ಕಟ್ಟೆ ಕಣ್ಮುಂದೆ ಬರುತ್ತೆ, ಏನು ಮಾಡೋದು.) ಅದು ತಪ್ಪೇನಲ್ಲ. ಆ ದನಿ ಒಂದು ಸಲ ಕಿವಿಗೆ ಬಿದ್ದರೆ ಮರೆಯೋದು ಕಷ್ಟ. ಆದರೆ ಈ ಆಲ್ಬಂ ಕೇಳಿದಾಗಲೆಲ್ಲ ನನ್ನ ತಲೆಯಲ್ಲಿ ಉಳಿಯುವವನು ಇನ್ನೊಬ್ಬ. ಅವನೇ ತಂಡದ ಡಿಜೆ ಸ್ಕಾಟ್ ಲಾ ರಾಕ್. ಆಲ್ಬಂ ಬಂದು ಆರು ತಿಂಗಳು ತುಂಬುವ ಮೊದಲೇ, 25ನೇ ವಯಸ್ಸಿನಲ್ಲಿ, ಗುಂಡೇಟಿಗೆ ಸತ್ತುಹೋದ. ಹಗಲು ಹೊತ್ತಿನಲ್ಲಿ ಆತನ ಕೆಲಸ ಸಂಗೀತವಲ್ಲ, ಮನೆಯಿಲ್ಲದವರ ಶೆಲ್ಟರ್‌ನಲ್ಲಿ ಸಮಾಜ ಕಾರ್ಯಕರ್ತನ ನೌಕರಿ. ಈ ಆಲ್ಬಂ ಇವತ್ತಿಗೂ ಹಳೆಯದಾಗದೆ ಇರೋದಕ್ಕೆ ಆ ನೌಕರಿಯೂ ಒಂದು ಕಾರಣ ಅನ್ನೋದು ನನ್ನ ವಾದ.

ಹುಟ್ಟಿದ್ದು 1962ರ ಮಾರ್ಚ್‌ನಲ್ಲಿ, ಮನೆಯವರು ಇಟ್ಟ ಹೆಸರು ಸ್ಕಾಟ್ ಮನ್ರೋ ಸ್ಟರ್ಲಿಂಗ್. ತಾಯಿಯ ಆರೈಕೆಯಲ್ಲಿ ಬ್ರಾಂಕ್ಸ್‌ನಲ್ಲಿ ಬೆಳೆದ. ಆ ಕಾಲದ ಬ್ರಾಂಕ್ಸ್ ಅಂದರೆ ಏನು ಅಂತ ಸ್ವಲ್ಪ ಹೇಳಲೇಬೇಕು. ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಅನ್ನೋ ಹೆದ್ದಾರಿ ಜನವಸತಿಯ ಮಧ್ಯೆ ಸೀಳಿಕೊಂಡು ಹೋಗಿ ಸಾವಿರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಿತ್ತು. ಕೈಯಲ್ಲಿ ಕಾಸಿದ್ದವರು ಊರು ಬಿಟ್ಟರು. ಬಾಡಿಗೆ ಗಿಟ್ಟದ ಕಟ್ಟಡಗಳಿಗೆ ಇನ್ಶೂರೆನ್ಸ್ ಹಣದ ಆಸೆಗೆ ಬೆಂಕಿ ಇಡಿಸಿದ ಮಾಲೀಕರಿದ್ದರು. ಅದೇ ಹೊತ್ತಿಗೆ ನಗರಾಡಳಿತ ಖರ್ಚು ಉಳಿಸಲು ಅಗ್ನಿಶಾಮಕ ಠಾಣೆಗಳನ್ನು ಮುಚ್ಚುತ್ತಿತ್ತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಬಂದು ಷಾರ್ಲಟ್ ಸ್ಟ್ರೀಟ್‌ನ ಬೂದಿ ನೋಡಿ ಹೋದರು, 1980ರಲ್ಲಿ ರೇಗನ್ ಚುನಾವಣೆಗೆ ಮುಂಚೆ ಅಲ್ಲೇ ನಿಂತು ಭಾಷಣ ಮಾಡಿದರು. ನಾಯಕರಿಗೆ ಸೌತ್ ಬ್ರಾಂಕ್ಸ್ ಒಂದು ಫೋಟೋ ಪಾಯಿಂಟ್. ಹಿಪ್‌ಹಾಪ್ ಹುಟ್ಟಿದ್ದೂ ಅದೇ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್‌ನಲ್ಲಿ ಜಮೈಕಾದಿಂದ ಬಂದಿದ್ದ ಡಿಜೆ ಕೂಲ್ ಹರ್ಕ್ ಸೆಡ್ಜ್‌ವಿಕ್ ಅವೆನ್ಯೂದ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಕೊಟ್ಟ ಪಾರ್ಟಿಯನ್ನೇ ಅದರ ಹುಟ್ಟುಹಬ್ಬ ಅಂತ ಲೆಕ್ಕ ಹಾಕ್ತಾರೆ.

ಇಂಥ ಜಾಗದಿಂದ ಸ್ಕಾಟ್ ಓದಿ ಹೊರಗೆ ಹೋದ. ವರ್ಮಾಂಟ್ ರಾಜ್ಯದ ಕ್ಯಾಸಲ್‌ಟನ್ ಕಾಲೇಜು ಸೇರಿದ. ಬಹುತೇಕ ಬಿಳಿಯರೇ ಇರುವ ಸಣ್ಣ ಊರು. ಅಲ್ಲಿಂದ ವಾಪಸ್ ಬಂದ ಮೇಲೆ ಹಗಲು ಶೆಲ್ಟರ್‌ನ ಕೆಲಸ, ರಾತ್ರಿ ಕ್ಲಬ್‌ನಲ್ಲಿ ರೆಕಾರ್ಡ್ ತಿರುಗಿಸುವ ಕೆಲಸ.

ಆ ಶೆಲ್ಟರ್ ಎಲ್ಲಿಂದ ಬಂತು ಅನ್ನೋದೇ ಒಂದು ಕತೆ. 1979ರಲ್ಲಿ ರಾಬರ್ಟ್ ಹೇಯ್ಸ್ ಎಂಬ ಯುವ ವಕೀಲ ನ್ಯೂಯಾರ್ಕ್ ಆಡಳಿತದ ಮೇಲೆ ಕೇಸು ಹಾಕಿದ. ಮನೆಯಿಲ್ಲದವನಿಗೆ ತಲೆ ಮೇಲೊಂದು ಸೂರು ಕೊಡೋದು ದಯೆಯಲ್ಲ, ಸರ್ಕಾರದ ಹೊಣೆ ಅನ್ನೋದು ಕೇಸಿನ ತಿರುಳು. ಅರ್ಜಿದಾರರಲ್ಲಿ ಮೊದಲನೆಯವನು ರಾಬರ್ಟ್ ಕ್ಯಾಲಹನ್, ಬೀದಿಯಲ್ಲಿ ಮಲಗುತ್ತಿದ್ದ ಮನುಷ್ಯ. 1981ರ ಆಗಸ್ಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದು ಆ ಹಕ್ಕು ಸಿಕ್ಕಿತು. ಅಷ್ಟರಲ್ಲಿ ಕ್ಯಾಲಹನ್ ಬೀದಿಯಲ್ಲೇ ಸತ್ತಿದ್ದ. ಒಪ್ಪಂದ ಆದ ಮೇಲೆ ಸಾವಿರಾರು ಹಾಸಿಗೆ ಹೊಂದಿಸಬೇಕಲ್ಲ, ನಗರಾಡಳಿತ ಹಳೆಯ ಸೈನಿಕ ಕಟ್ಟಡಗಳಲ್ಲಿ ಮಂಚ ಹಾಕಿಸಿತು. ಅಂಥದ್ದರಲ್ಲಿ ಒಂದು ಬ್ರಾಂಕ್ಸ್‌ನ ಫ್ರಾಂಕ್ಲಿನ್ ಅವೆನ್ಯೂದ ಆರ್ಮರಿ. ಅಲ್ಲಿನ ಮೇಜಿನ ಆಚೆ ಕೂತಿದ್ದವನು ಸ್ಕಾಟ್, ಈಚೆ ನಿಂತವನು ಲಾರೆನ್ಸ್ ಪಾರ್ಕರ್. ಹದಿಹರೆಯದಲ್ಲೇ ಮನೆ ಬಿಟ್ಟು, ಗೋಡೆಗಳ ಮೇಲೆ ಕೆಆರ್‌ಎಸ್-ಒನ್ ಅಂತ ಬಣ್ಣ ಹೊಡೆದು, ಲೈಬ್ರರಿಗಳಲ್ಲಿ ಹಗಲು ಕಳೆದು, ಶೆಲ್ಟರಿಂದ ಶೆಲ್ಟರಿಗೆ ಅಲೆಯುತ್ತಿದ್ದ ಹುಡುಗ.

ಇಬ್ಬರ ಮೊದಲ ಭೇಟಿ ಸ್ನೇಹದ್ದಲ್ಲ, ಜಗಳದ್ದು. ರೈಲಿನ ಟೋಕನ್ ಕೇಳಿದ್ದಕ್ಕೆ ಶುರುವಾಯಿತು ಅಂತ ಪಾರ್ಕರ್ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ನನಗೆ ಈ ವಿವರ ಬಹಳ ಮುಖ್ಯ ಅನ್ಸುತ್ತೆ. ಇಬ್ಬರೂ ಕಪ್ಪು ಹುಡುಗರು, ಇಬ್ಬರ ನಡುವೆ ಬರೀ ಮೂರು ವರ್ಷದ ಅಂತರ, ಒಂದೇ ಸಂಗೀತದ ಹುಚ್ಚು. ಆದರೂ ಒಬ್ಬನ ಕೈಯಲ್ಲಿ ಡಿಗ್ರಿ ಮತ್ತು ಕಚೇರಿಯ ಫೈಲು, ಇನ್ನೊಬ್ಬನಿಗೆ ಟೋಕನ್‌ಗೂ ಕೈ ಚಾಚಬೇಕಾದ ಸ್ಥಿತಿ. ನಮ್ಮ ಸರ್ಕಾರಿ ಹಾಸ್ಟೆಲ್‌ಗಳಲ್ಲಿ ಇದ್ದು ಬಂದವರಿಗೆ ಈ ಮೇಜಿನ ಎರಡು ಕಡೆಗಳ ನಡುವಿನ ದೂರ ಬಿಡಿಸಿ ಹೇಳಬೇಕಿಲ್ಲ. ಸ್ಕಾಟ್ ಆ ದೂರ ದಾಟಿದ. ಎದುರಿಗಿದ್ದವನನ್ನು ಕೇಸ್ ನಂಬರ್ ಥರ ನೋಡದೆ ಕವಿಯ ಹಾಗೆ ಕೇಳಿಸಿಕೊಂಡ, ಕ್ಲಬ್‌ಗೆ ಕರೆದುಕೊಂಡು ಹೋದ, ಮೈಕ್ ಕೈಗೆ ಕೊಟ್ಟ.

1985ರಲ್ಲಿ 12:41 ಅನ್ನೋ ಹೆಸರಲ್ಲಿ ಒಂದು ರೆಕಾರ್ಡ್ ಮಾಡಿದರು, ಯಾರೂ ಕೇಳಲಿಲ್ಲ. 1986ರಲ್ಲಿ ‘ಸೌತ್ ಬ್ರಾಂಕ್ಸ್’ ಬಂತು. ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ ಎಂಸಿ ಶಾನ್ ತನ್ನ ಏರಿಯಾದ ಹಿರಿಮೆ ಹಾಡಿದ್ದ. ಹಿಪ್‌ಹಾಪ್ ಹುಟ್ಟಿದ್ದೇ ಅಲ್ಲಿ ಅಂತ ಅವನು ಹೇಳ್ತಿದ್ದಾನೆ ಎಂದು ಇವರು ಅರ್ಥ ಮಾಡಿಕೊಂಡು ತಿರುಗೇಟು ಕೊಟ್ಟರು. ಮೇಲ್ನೋಟಕ್ಕೆ ಇದು ಏರಿಯಾ ಜಗಳ. ಆದರೆ ಹಿನ್ನೆಲೆ ನೆನಪಿಟ್ಟುಕೊಂಡು ಕೇಳಿ. ಇಡೀ ದೇಶ ಯಾವ ಜಾಗವನ್ನು ಬೂದಿಗುಡ್ಡೆ ಅಂತ ಟಿವಿಯಲ್ಲಿ ನೋಡಿತ್ತೋ, ಆ ಜಾಗದ ಹೆಸರನ್ನೇ ಪಲ್ಲವಿ ಮಾಡಿ ಕೂಗಿದರು. ಪಾರ್ಟಿ ನಡೆದ ಪಾರ್ಕುಗಳು, ಮೊದಲ ಡಿಜೆಗಳು, ಯಾರು ಯಾವಾಗ ಏನು ಮಾಡಿದರು ಅನ್ನೋದೆಲ್ಲ ಹಾಡಿನಲ್ಲಿದೆ. ಸರ್ಕಾರಿ ದಾಖಲೆಯಲ್ಲಿ ಬೆಂಕಿ ಮತ್ತು ಅಪರಾಧ ಮಾತ್ರ ಇದ್ದ ಕಡೆ ಇವರು ಚರಿತ್ರೆ ಬರೆದರು. ತಮ್ಮ ಕೇರಿಯ, ಕಾಲೊನಿಯ ಹೆಸರು ಹೇಳೋಕೆ ಒಂದು ಕ್ಷಣ ತಡವರಿಸಿದ ಯಾರಿಗಾದರೂ ಈ ಹಾಡು ಯಾಕೆ ತಟ್ಟುತ್ತೆ ಅಂತ ಗೊತ್ತಾಗುತ್ತೆ.

ಇನ್ನು ಸದ್ದಿನ ವಿಷಯ. 1987ರ ಮಾರ್ಚ್‌ನಲ್ಲಿ ಬಿ-ಬಾಯ್ ರೆಕಾರ್ಡ್ಸ್ ಎಂಬ ಬ್ರಾಂಕ್ಸ್‌ನ ಸಣ್ಣ ಕಂಪನಿಯಿಂದ ಆಲ್ಬಂ ಬಂದಾಗ ಅದರಲ್ಲಿ ಅದ್ದೂರಿ ಅನ್ನೋದೇ ಇರಲಿಲ್ಲ. ಅಲ್ಟ್ರಾಮ್ಯಾಗ್ನೆಟಿಕ್ ಎಂಸೀಸ್ ತಂಡದ ಸೆಡ್ ಜೀ ಡ್ರಮ್ ಮಷೀನ್ ಜೊತೆ ನೆರವಿಗೆ ಬಂದಿದ್ದ. ಜೇಮ್ಸ್ ಬ್ರೌನ್‌ನ ರೆಕಾರ್ಡುಗಳಿಂದ ಎತ್ತಿದ ತುಣುಕು, ಎಸಿ/ಡಿಸಿಯ ರಾಕ್ ಗಿಟಾರಿನ ಒಂದು ಚೂರು, ಜಮೈಕಾದ ಡ್ಯಾನ್ಸ್‌ಹಾಲ್ ಸಂಗೀತದ ನಡಿಗೆ, ನಡುನಡುವೆ ಧಾರಾಳವಾಗಿ ಖಾಲಿ ಜಾಗ. ಆ ಖಾಲಿ ಜಾಗವೇ ಸ್ಕಾಟ್‌ನ ರುಜು ಅಂತ ನಾನು ಅಂದುಕೊಂಡಿದ್ದೇನೆ. ಡಿಜೆಗೆ ತನ್ನ ಚಾಲಾಕಿ ತೋರಿಸೋ ಆಸೆ ಸಹಜ. ಇಲ್ಲಿ ಬಡಿತ ಎರಡು ಹೆಜ್ಜೆ ಹಿಂದೆ ಸರಿದು ಮಾತಿಗೆ ಜಾಗ ಬಿಡುತ್ತೆ. ಅದೇ ಕಾಲದ ಎಷ್ಟೋ ರೆಕಾರ್ಡುಗಳು ಇವತ್ತು ಆ ವರ್ಷದ ಫ್ಯಾಷನ್ ಥರ ಕೇಳಿಸ್ತವೆ, ಇದು ಹಾಗಲ್ಲ. ತೆಗೆದುಹಾಕೋಕೆ ಇದರಲ್ಲಿ ಹೆಚ್ಚಿನದೇನೂ ಇಲ್ಲ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ‘ಸೂಪರ್-ಹೋ’ ಅನ್ನೋ ಹಾಡು ಸ್ಕಾಟ್‌ನ ಹೆಣ್ಣುಗಳ ಶೋಕಿಯನ್ನು ಕೊಂಡಾಡುವ ತಮಾಷೆ. ಇವತ್ತು ಕೇಳಿದರೆ ಮುಜುಗರ ಆಗುತ್ತೆ, ಅವತ್ತೂ ಆಗಬೇಕಿತ್ತು. ಶೆಲ್ಟರ್‌ಗೆ ಬಂದವನ ಮಾತು ಅಷ್ಟು ಚೆನ್ನಾಗಿ ಕೇಳಿಸಿಕೊಂಡ ಮನುಷ್ಯನಿಗೆ ಹೆಣ್ಣುಮಕ್ಕಳ ವಿಷಯದಲ್ಲಿ ಕಿವಿ ಮಂದವಾಗಿತ್ತು. ಅದನ್ನು ಕಾಲದ ಮೇಲೆ ಹಾಕಿ ಮನ್ನಾ ಮಾಡೋದು ನನಗೆ ಇಷ್ಟವಿಲ್ಲ.

ಮುಖಪುಟದಲ್ಲಿ ಇಬ್ಬರೂ ಬಂದೂಕು ಹಿಡಿದು ಕೂತಿದ್ದಾರೆ. ಹಿಪ್‌ಹಾಪ್ ಆಲ್ಬಂ ಮೇಲೆ ಬಂದೂಕು ಕಾಣಿಸಿಕೊಂಡ ಮೊದಮೊದಲ ಚಿತ್ರಗಳಲ್ಲಿ ಇದೂ ಒಂದು. ಒಳಗೆ ಡ್ರಗ್ಸ್ ಮಾರುವವನನ್ನು ಹೊಡೆದುರುಳಿಸುವ ಹಾಡಿದೆ. ಕ್ರ್ಯಾಕ್ ಕೊಕೇನ್ ಬೀದಿಬೀದಿ ನುಗ್ಗಿದ್ದ ವರ್ಷಗಳವು, ಬಂದೂಕು ನಟನೆಗೆ ಮಾತ್ರ ಇದ್ದದ್ದಲ್ಲ. ಮುಂದೆ ಗ್ಯಾಂಗ್‌ಸ್ಟರ್ ರ‍್ಯಾಪ್ ಅಂತ ಹೆಸರಾದದ್ದರ ಬೇರು ಇಲ್ಲೂ ಇದೆ.

1987ರ ಆಗಸ್ಟ್ 27. ತಂಡದ ಕಿರಿಯ ಡಿ-ನೈಸ್‌ಗೆ 17 ವರ್ಷ. ಒಬ್ಬ ಹುಡುಗಿಯ ವಿಷಯಕ್ಕೆ ಅವನಿಗೂ ಕೆಲವು ಯುವಕರಿಗೂ ತಕರಾರಾಗಿತ್ತು. ಸ್ಕಾಟ್ ಗೆಳೆಯರನ್ನು ಕರೆದುಕೊಂಡು, ಮಾತಾಡಿ ರಾಜಿ ಮಾಡಿಸೋಣ ಅಂತ ಬ್ರಾಂಕ್ಸ್‌ನ ಹೈಬ್ರಿಜ್ ವಸತಿ ಸಮುಚ್ಚಯಕ್ಕೆ ಜೀಪಿನಲ್ಲಿ ಹೋದ. ಜಗಳ ಬಿಡಿಸೋದು ಆತನಿಗೆ ಶೆಲ್ಟರ್‌ನಲ್ಲಿ ದಿನಾ ಮಾಡುವ ಕೆಲಸ. ಅಲ್ಲಿ ಗುಂಡು ಹಾರಿತು, ಜೀಪಿನೊಳಗಿದ್ದ ಸ್ಕಾಟ್‌ಗೆ ತಗುಲಿತು. ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಇಬ್ಬರನ್ನು ಬಂಧಿಸಿದರು, ವಿಚಾರಣೆಯಲ್ಲಿ ಇಬ್ಬರೂ ಖುಲಾಸೆಯಾದರು.

ಮುಖಪುಟದ ಬಂದೂಕನ್ನೂ ಈ ಸಾವನ್ನೂ ಪಕ್ಕಪಕ್ಕ ಇಟ್ಟು, ಮಾಡಿದ್ದುಣ್ಣೋ ಮಹಾರಾಯ ಅಂದ ಪತ್ರಕರ್ತರು, ರಾಜಕಾರಣಿಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಆ ಮಾತು ಸುಳ್ಳು ಮಾತ್ರವಲ್ಲ, ಸೋಮಾರಿ ಮಾತು. ಆತ ಹೋಗಿದ್ದು ಹೊಡೆದಾಟಕ್ಕಲ್ಲ. ಅಲ್ಲಿ ಅಷ್ಟು ಬಂದೂಕು ಹೇಗೆ ಬಂದವು, ಕೆಲಸ ಎಲ್ಲಿ ಹೋಯಿತು ಅನ್ನೋ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳೋಕೆ ಸತ್ತವನ ಆಲ್ಬಂ ಕವರ್ ಸುಲಭದ ದಾರಿ.

ಪಾರ್ಕರ್ ತಂಡದ ಹೆಸರು ಬಿಡಲಿಲ್ಲ. 1988ರ ಮುಂದಿನ ಆಲ್ಬಂನ ಕವರ್‌ನಲ್ಲೂ ಬಂದೂಕಿದೆ, ಆದರೆ ಅದು ಕಿಟಕಿಯ ಬಳಿ ರೈಫಲ್ ಹಿಡಿದು ನಿಂತ ಮಾಲ್ಕಮ್ ಎಕ್ಸ್‌ನ ಪ್ರಸಿದ್ಧ ಫೋಟೋವನ್ನು ನೆನಪಿಸುವ ಭಂಗಿ. 1989ರಲ್ಲಿ ಹಲವು ರ‍್ಯಾಪರ್‌ಗಳನ್ನು ಸೇರಿಸಿ ಸ್ಟಾಪ್ ದ ವಯಲೆನ್ಸ್ ಚಳವಳಿಯ ಹಾಡು ಬಂತು, ಅದರ ಹಣ ನ್ಯಾಷನಲ್ ಅರ್ಬನ್ ಲೀಗ್‌ಗೆ ಹೋಯಿತು. ಮುಂದೆ ರಾಜಕೀಯ ಪ್ರಜ್ಞೆಯ ರ‍್ಯಾಪ್ ಅಂತ ಕರೆದದ್ದರ ದೊಡ್ಡ ಪಾಲು ಈ ದುಃಖದಿಂದ ಬಂದದ್ದು. ‘ಕ್ರಿಮಿನಲ್ ಮೈಂಡೆಡ್’ ಹೀಗೆ ಎರಡು ಕುಲಕ್ಕೂ ಮೂಲವಾಯಿತು. ಬಂದೂಕು ಮೆರೆಸುವವರೂ ಅದನ್ನು ತಮ್ಮದು ಅಂತಾರೆ, ಬಂದೂಕು ಇಳಿಸಿ ಅನ್ನೋರೂ ತಮ್ಮದು ಅಂತಾರೆ. ಇಬ್ಬರೂ ಸರಿ.

ಫ್ರಾಂಕ್ಲಿನ್ ಅವೆನ್ಯೂದ ಕಟ್ಟಡ ಈಗಲೂ ಶೆಲ್ಟರೇ, ಈಗ ಹೆಣ್ಣುಮಕ್ಕಳಿಗೆ. ಅದನ್ನು ತೆರೆಯುವಂತೆ ಮಾಡಿದ 1981ರ ಹಕ್ಕನ್ನು ಅಮಾನತಿನಲ್ಲಿಡಿ ಅಂತ ನ್ಯೂಯಾರ್ಕ್ ಮೇಯರ್ ಎರಿಕ್ ಆಡಮ್ಸ್ ಆಡಳಿತ 2023ರಲ್ಲಿ ಕೋರ್ಟಿಗೆ ಹೋಯಿತು. 2024ರ ಮಾರ್ಚ್‌ನಲ್ಲಿ ರಾಜಿಯಾಗಿ, ಹೊಸದಾಗಿ ಬಂದ ವಯಸ್ಕ ವಲಸಿಗರಿಗೆ ಸಾಮಾನ್ಯವಾಗಿ 30 ದಿನ ಅನ್ನೋ ಮಿತಿ ಬಿತ್ತು. ಒಂದು ಜಗಳ ಸ್ನೇಹವಾಗಿ, ಸ್ನೇಹ ಆಲ್ಬಂ ಆಗೋಕೆ 30 ದಿನ ಸಾಕಾ ಅಂತ ನಾನು ಯೋಚಿಸ್ತಾ ಇರ್ತೀನಿ.

ಡಿ-ನೈಸ್ ಇನ್ನೂ ಡಿಜೆ. 2020ರ ಮಾರ್ಚ್‌ನಲ್ಲಿ, ಕೋವಿಡ್‌ಗೆ ಊರೆಲ್ಲ ಬೀಗ ಹಾಕಿಕೊಂಡಿದ್ದಾಗ, ತನ್ನ ಮನೆಯಿಂದ ಇನ್‌ಸ್ಟಾಗ್ರಾಂನಲ್ಲಿ ಗಂಟೆಗಟ್ಟಲೆ ಹಾಡು ಹಾಕಿದ. ಒಂದು ರಾತ್ರಿ ಒಂದು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ಕೇಳುತ್ತಿದ್ದರು.