ಡೆಪ್ಯುಟಿ ಚನ್ನಬಸಪ್ಪನವರು ಮತ್ತು ನಮ್ಮ ಊರುಗಳ ಕನ್ನಡ ಶಾಲೆ

ಧರ್ಮಕೇಂದ್ರದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಸಂತರ, ಧರ್ಮಾಧ್ಯಕ್ಷರ ಹಾಗೂ ಹಿಂದಿನ ಗುರುಗಳ ಜೀವನ ಚರಿತ್ರೆಗಳು ಬರುವುದು ವಾಡಿಕೆ. ಅವುಗಳ ನಡುವೆ, ನಮ್ಮ ಧರ್ಮಸಭೆಗೆ ಸೇರದ ಒಬ್ಬ ಸರಕಾರಿ ಅಧಿಕಾರಿಯ ಜೀವನವನ್ನು ಬರೆಯಲು ನಾವು ಮನಸ್ಸು ಮಾಡಿದುದಕ್ಕೆ ಕಾರಣವಿದೆ. ನಮ್ಮ ಮಕ್ಕಳು ಜ್ಞಾನೋಪದೇಶವನ್ನು ದೇವಾಲಯದಲ್ಲಿ ಕಲಿತರು. ಆದರೆ ಅವರಲ್ಲಿ ಅನೇಕರು ಅಕ್ಷರ ಕಲಿತದ್ದು ಊರಿನ ಸರಕಾರಿ ಕನ್ನಡ ಶಾಲೆಯಲ್ಲಿ. ಇಂದು ಪೂಜೆಯಲ್ಲಿ ವಾಚನಗಳನ್ನು ಓದುವ ನಮ್ಮ ಹಿರಿಯರ ನಾಲಗೆಗೆ ಆ ಶಕ್ತಿ ಬಂದುದು ಅಲ್ಲಿಂದಲೇ. ಬೇವೂರು, ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಈ ಸೀಮೆಯಲ್ಲಿ ಅಂಥ ಶಾಲೆಗಳು ಹುಟ್ಟಲು ದಾರಿ ಮಾಡಿಕೊಟ್ಟವರನ್ನು ನೆನೆಯದಿದ್ದರೆ ನಮ್ಮ ಕೃತಜ್ಞತಾಸ್ತುತಿ ಅಪೂರ್ಣವಾದೀತು.

ಚನ್ನಬಸಪ್ಪನವರು ಕ್ರಿ.ಶ. 1834ರಲ್ಲಿ ಧಾರವಾಡದಲ್ಲಿ ಜನಿಸಿದರು. 1818ರಲ್ಲಿ ಪೇಶ್ವೆಗಳ ಆಳಿಕೆ ಕೊನೆಗೊಂಡ ಮೇಲೆ ಈ ಪ್ರಾಂತವು ಮುಂಬಯಿ ಇಲಾಖೆಗೆ ಸೇರಿಹೋಗಿತ್ತು. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಜನರಾಡುವ ಮಾತು ಕನ್ನಡ. ಕಚೇರಿಯಲ್ಲಿಯೂ ಸರಕಾರಿ ಶಾಲೆಯಲ್ಲಿಯೂ ನಡೆಯುತ್ತಿದ್ದುದು ಬಹುಮಟ್ಟಿಗೆ ಮರಾಠಿ. ಕನ್ನಡ ಕಲಿಯಬೇಕಾದವರಿಗೆ ಊರಿನ ಐಗಳ ಮಠವೊಂದೇ ಆಶ್ರಯವಾಗಿತ್ತು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಸಾಹೇಬರು ಸ್ವಂತ ಖರ್ಚಿನಿಂದ ಕನ್ನಡ ಶಾಲೆ ನಡೆಸಿದ್ದರೆಂಬುದು ನಿಜ. ಆದರೆ ಒಬ್ಬ ಮಹನೀಯನ ಔದಾರ್ಯದಿಂದ ಒಂದು ನಾಡಿನ ಮಕ್ಕಳೆಲ್ಲರೂ ಓದುವಂತಾಗುವುದಿಲ್ಲ.

ಚನ್ನಬಸಪ್ಪನವರು ಪುಣೆಗೆ ಹೋಗಿ ಇಂಜಿನಿಯರಿಂಗ್ ವಿದ್ಯೆಯನ್ನು ಕಲಿತರು. ಆ ಕಾಲದಲ್ಲಿ ಆ ವಿದ್ಯೆ ಬಲ್ಲವನಿಗೆ ರಸ್ತೆ, ಸೇತುವೆ, ಕೆರೆಗಳ ಕೆಲಸದಲ್ಲಿ ದೊಡ್ಡ ಹುದ್ದೆಗಳು ಕಾದಿದ್ದವು. ಆದರೂ ಅವರು ಶಿಕ್ಷಣ ಖಾತೆಯನ್ನೇ ಆರಿಸಿಕೊಂಡರು. ಧಾರವಾಡದಲ್ಲಿ ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾದರು; ತರುವಾಯ ಬೆಳಗಾವಿ ಕಡೆಯ ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರರಾದರು. ಆ ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿ ರಸೆಲ್ ಸಾಹೇಬರು ಕನ್ನಡದ ಅಭಿಮಾನಿಗಳು. ಈ ಮೇಲಧಿಕಾರಿಯ ಬೆಂಬಲ ಚನ್ನಬಸಪ್ಪನವರಿಗೆ ದೊರೆಯಿತು.

ಇಷ್ಟಾದರೂ ಶಾಲೆ ನಡೆಸಲು ಹಣ ಬೇಕು. 1854ರಲ್ಲಿ ವಿಲಾಯತಿಯಿಂದ ಬಂದ ಶಿಕ್ಷಣದ ಆಜ್ಞಾಪತ್ರದಂತೆ ಮುಂಬಯಿ ಇಲಾಖೆಯಲ್ಲಿ 1855ರಲ್ಲಿ ಶಿಕ್ಷಣ ಖಾತೆ ಸ್ಥಾಪಿತವಾಯಿತು. ಖಾಸಗಿಯವರು ಹಾಗೂ ಮಿಶನರಿಗಳು ನಡೆಸುವ ಶಾಲೆಗಳಿಗೂ ಸಹಾಯಧನ ಕೊಡಬಹುದೆಂದು ಅದೇ ಆಜ್ಞಾಪತ್ರದಲ್ಲಿ ವಿಧಿಸಲಾಗಿತ್ತು. ನಮ್ಮ ಸಮೀಪದ ಗುಳೇದಗುಡ್ಡದಲ್ಲಿ 1851ರಿಂದ ನೆಲೆಸಿದ್ದ ಬಾಸೆಲ್ ಮಿಶನ್ನಿನ ಸಹೋದರರೂ ಶಾಲೆಯ ಸೇವೆಯಲ್ಲಿ ತೊಡಗಿದ್ದರು. ಆದರೆ ಹಳ್ಳಿಹಳ್ಳಿಗೆ ಶಾಲೆ ಮುಟ್ಟಬೇಕಾದರೆ ಖಜಾನೆಯ ಹಣ ಸಾಲದಾಗಿತ್ತು. ಆಗ ಬಂದುದು ಲೋಕಲ್ ಫಂಡ್ ಪಟ್ಟಿ. 1863ರ ತರುವಾಯ ಜಾರಿಗೆ ಬಂದು, 1869ರ ಕಾಯ್ದೆಯಿಂದ ಸ್ಥಿರವಾದ ಈ ಪಟ್ಟಿಯಂತೆ, ರೈತನು ಭೂಕಂದಾಯದ ಪ್ರತಿ ರೂಪಾಯಿಗೆ 1 ಆಣೆ ಹೆಚ್ಚು ಕೊಡಬೇಕಾಯಿತು. ಅದರಲ್ಲಿ 2 ಪಾಲು ರಸ್ತೆ ಮೊದಲಾದ ಕೆಲಸಗಳಿಗೆ, 1 ಪಾಲು ಶಾಲೆಗೆ. ಎಂದರೆ, 3 ರೂಪಾಯಿ ಕಂದಾಯ ಕೊಡುವ ಒಬ್ಬ ಬಡ ಒಕ್ಕಲಿಗನ ಕೈಯಿಂದ ವರ್ಷಕ್ಕೆ 1 ಆಣೆ ಶಾಲೆಗೆ ಸಲ್ಲುತ್ತಿತ್ತು. ಸರಕಾರಿ ಶಾಲೆ ಎಂದು ನಾವು ಕರೆಯುವುದನ್ನು ನಿಲ್ಲಿಸಿದ್ದು ಆ ಒಕ್ಕಲಿಗನ ಜೋಳದ ಹೊಲ ಎಂಬುದನ್ನು ಭಕ್ತಾದಿಗಳು ಮರೆಯಬಾರದು.

ಹಣ ಮಂಜೂರಾದ ಮಾತ್ರಕ್ಕೆ ಶಾಲೆ ಹುಟ್ಟುವುದಿಲ್ಲ. ಮಕ್ಕಳನ್ನು ಕಳಿಸಲು ತಂದೆತಾಯಿಗಳು ಒಪ್ಪಬೇಕು, ಕಲಿಸಬಲ್ಲ ಮಾಸ್ತರರು ಸಿಗಬೇಕು, ಓದಲು ಪುಸ್ತಕ ಬೇಕು. ಈ ಮೂರನ್ನೂ ಒದಗಿಸಿದ್ದೇ ಚನ್ನಬಸಪ್ಪನವರ ಹಿರಿಮೆ. ಅವರು ಊರೂರು ತಿರುಗಿ ಹಿರಿಯರ ಮನವೊಲಿಸಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಹೆಣ್ಣುಮಕ್ಕಳ ಶಾಲೆಗಳಿಗೂ ಪ್ರೋತ್ಸಾಹವಿತ್ತರು. ಕನ್ನಡ ತರುಣರನ್ನು ಹುಡುಕಿ ತಂದು ಶಿಕ್ಷಕರನ್ನಾಗಿ ಮಾಡಿದರು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದ ವಿದ್ವಾಂಸರು ಇದೇ ಕಾಲದಲ್ಲಿ ಈ ಖಾತೆಯ ಆಸರೆಯಲ್ಲಿ ಕನ್ನಡ ಗ್ರಂಥಗಳನ್ನು ರಚಿಸಿದರು. ಶಿಕ್ಷಕರಿಗಾಗಿ ಧಾರವಾಡದಿಂದ ಮಠಪತ್ರಿಕೆ ಹೊರಟು, ಮುಂದೆ ಜೀವನ ಶಿಕ್ಷಣವೆಂಬ ಹೆಸರನ್ನು ತಳೆಯಿತು. ಧಾರವಾಡದಲ್ಲಿ ತರಬೇತಿ ಪಡೆದ ಮಾಸ್ತರರು ನಮ್ಮ ಈ ಸೀಮೆಗೂ ಬಂದರು. ಆಗ ಇದು ಕಲಾದಗಿ ಜಿಲ್ಲೆಯೆನಿಸಿಕೊಂಡಿತ್ತು.

ಆದರೆ ಅಂದಿನ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬ ಕಹಿ ಸತ್ಯವನ್ನು ಇಲ್ಲಿ ಮುಚ್ಚಿಡುವುದು ಧರ್ಮವಲ್ಲ. 1856ರಲ್ಲಿ ಅದೇ ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಂದ ಒಬ್ಬ ಮಹಾರ ಬಾಲಕನಿಗೆ ಪ್ರವೇಶ ದೊರೆಯಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಸಲ್ಲಿಸಿದನು. ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರು ಶಾಲೆ ಬಿಟ್ಟಾರೆಂದು ಸರಕಾರವು ಹಿಂಜರಿಯಿತು. ಪ್ರಕರಣವು ಕಲಕತ್ತೆಗೂ ವಿಲಾಯತಿಗೂ ಹೋಗಿ, ಸರಕಾರದ ಖರ್ಚಿನಿಂದಲೇ ನಡೆಯುವ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರತಕ್ಕದ್ದೆಂದು 1858ರಲ್ಲಿ ನಿರ್ಣಯವಾಯಿತು. ನಿರ್ಣಯವಾದರೂ ಆಚರಣೆ ಬಹುಕಾಲ ಬರಲಿಲ್ಲ. ಅನೇಕ ಊರುಗಳಲ್ಲಿ ಶಾಲೆ ನಡೆಯುತ್ತಿದ್ದುದು ಗುಡಿಯ ಪಡಸಾಲೆಯಲ್ಲಿ, ಇಲ್ಲವೆ ಬಾಡಿಗೆಯ ಮನೆಯಲ್ಲಿ. ಅಲ್ಲಿಗೆ ದಲಿತರ ಮಕ್ಕಳಿಗೆ ಪ್ರವೇಶವೆಲ್ಲಿಯದು? ಸಾರ್ವಜನಿಕ ಹಣದಿಂದ ಶಾಲೆಗೆಂದೇ ಸ್ವಂತ ಕಟ್ಟಡ ಎದ್ದ ಮೇಲೆಯೇ, ಬಾಗಿಲು ಎಲ್ಲರದೆಂದು ಕೇಳುವ ಹಕ್ಕಿಗೆ ಬಲ ಬಂದಿತು. ನಮ್ಮ ಧರ್ಮಕೇಂದ್ರದ ಎಷ್ಟೋ ಕುಟುಂಬಗಳ ಮುತ್ತಜ್ಜಂದಿರು ಅಂಥ ಬಾಗಿಲಿನ ಹೊರಗೆ ನಿಂತವರೇ. ಆದುದರಿಂದ ನಾಲ್ಕು ಗೋಡೆಗಳ ಒಂದು ಶಾಲಾ ಕಟ್ಟಡವನ್ನು ನಾವು ಅಲ್ಪವೆಂದು ಎಣಿಸಲಾಗದು.

1876-77ರ ಭೀಕರ ಬರಗಾಲವು ಕಲಾದಗಿ ಜಿಲ್ಲೆಯನ್ನು ಹಿಂಡಿಹಾಕಿತು. ಅಸಂಖ್ಯ ಜನ ಸತ್ತರು, ಊರುಗಳು ಬರಿದಾದವು. ಬಳಿಕ ಕೆಲವೇ ವರ್ಷಗಳಲ್ಲಿ, 1881ರಲ್ಲಿ, ಚನ್ನಬಸಪ್ಪನವರು ಇನ್ನೂ ಐವತ್ತು ತುಂಬುವ ಮೊದಲೇ ದೈವಾಧೀನರಾದರು. ಆದರೆ ಅವರು ಬಿತ್ತಿದ ಬೀಜ ಸಾಯಲಿಲ್ಲ. ಕನ್ನಡದಲ್ಲಿ ಓದಿದ ತಲೆಮಾರುಗಳಿಂದಲೇ ಕರ್ನಾಟಕದ ಏಕೀಕರಣದ ಕೂಗು ಎದ್ದು, 1956ರಲ್ಲಿ ಅದು ಫಲಿಸಿತು.

ಅವರ ಜೀವನದಿಂದ ನಾವು ಕಲಿಯಬೇಕಾದುದು ಎರಡು. ಒಂದು, ಜನರ ಉದ್ಧಾರ ಜನರ ಭಾಷೆಯಲ್ಲಿಯೇ ಆಗಬೇಕು. ನಮ್ಮ ಧರ್ಮಸಭೆಯೂ ಇದನ್ನು ಮನಗಂಡು, ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ ಲತೀನ್ ಪೂಜೆಯ ಸ್ಥಳದಲ್ಲಿ ಕನ್ನಡದ ಪೂಜೆಯನ್ನು ನಮಗೆ ಕೊಟ್ಟಿತು. ಎರಡನೆಯದು, ಸರಕಾರದ ಹಣ ಮತ್ತು ಊರವರ ಕಾಳಜಿ ಕೂಡಿದಾಗಲೇ ಶಾಲೆ ಉಳಿಯುತ್ತದೆ. ಅದೇ ಮಹಾಸಭೆಯು 1965ರಲ್ಲಿ ಪ್ರಕಟಿಸಿದ ಶಿಕ್ಷಣದ ಘೋಷಣೆಯು, ಮಕ್ಕಳ ಶಿಕ್ಷಣದ ಮೊದಲ ಹೊಣೆ ತಂದೆತಾಯಿಗಳದೆಂದೂ, ಅವರಿಗೆ ನೆರವಾಗುವುದು ಸರಕಾರದ ಕರ್ತವ್ಯವೆಂದೂ ತಿಳಿಸುತ್ತದೆ.

ಇಂದು 2009ರ ಕಾಯ್ದೆಯಿಂದ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕಿದೆ. ಊರಿನ ಸರಕಾರಿ ಶಾಲೆಗೆ ಪಾಲಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಕೋಣೆ ಸೋರಿದರೆ, ಮಾಸ್ತರರ ಜಾಗ ಖಾಲಿ ಉಳಿದರೆ, ಕೇಳುವ ಅಧಿಕಾರ ನಮ್ಮದೇ. ಆದರೆ ನಮ್ಮಲ್ಲಿ ಎಷ್ಟು ಜನ ಆ ಸಭೆಗೆ ಹೋಗುತ್ತೇವೆ? ಸ್ಥಿತಿವಂತರು ಮಕ್ಕಳನ್ನು ಬೇರೆಡೆಗೆ ಕಳಿಸಿ, ಊರ ಶಾಲೆಯನ್ನು ಬಡವರ ಪಾಲಿಗೆ ಬಿಟ್ಟು ಕೈತೊಳೆದುಕೊಂಡರೆ, ಅಂದು ಬಾಗಿಲಲ್ಲಿ ತಡೆಯಲ್ಪಟ್ಟ ಆ ಬಾಲಕನಿಗೆ ನಾವು ಏನು ಉತ್ತರ ಕೊಡುವೆವು?

ಶತಮಾನೋತ್ಸವದ ಈ ಶುಭ ವರ್ಷದಲ್ಲಿ ದೇವಾಲಯಕ್ಕೆ ಸುಣ್ಣಬಣ್ಣ ಹಚ್ಚಿದ ನಮ್ಮ ಕೈಗಳು ಶಾಲೆಯ ಕಡೆಗೂ ಚಾಚಲಿ. ಚಿಕ್ಕಮಕ್ಕಳನ್ನು ತಮ್ಮ ಬಳಿಗೆ ಬರಗೊಟ್ಟ ಪ್ರಭು ಯೇಸು ಕ್ರಿಸ್ತರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.