ಗರುಡನ ರೆಕ್ಕೆ ಕಟ್ಟಿ ಜಗವ ಸುತ್ತಿದ ರಾಮ್ ಗೋಪಾಲ್

ಭಾರತೀಯ ನೃತ್ಯವನ್ನು ಪಶ್ಚಿಮದ ರಂಗಮಂದಿರಗಳಿಗೆ ಕೊಂಡೊಯ್ದವರಲ್ಲಿ ಮೊದಲು ನೆನಪಾಗುವ ಹೆಸರು ಉದಯಶಂಕರ್ ಅವರದು. ಅವರ ಬೆನ್ನಲ್ಲೇ ಹೊರಟು ಬೇರೆಯದೇ ದಾರಿ ಹಿಡಿದ ಕಲಾವಿದ ಬೆಂಗಳೂರಿನ ರಾಮ್ ಗೋಪಾಲ್. ಉದಯಶಂಕರ್ ಆರಂಭದಲ್ಲಿ ಶಾಸ್ತ್ರೀಯ ಶಿಕ್ಷಣದ ಬಲವಿಲ್ಲದೆಯೇ ಸ್ವಂತ ಶೈಲಿಯೊಂದನ್ನು ರೂಪಿಸಿದರು. ರಾಮ್ ಗೋಪಾಲ್ ಗುರುಮುಖೇನ ಕಲಿತ ಶಾಸ್ತ್ರೀಯ ಪ್ರಕಾರಗಳನ್ನೇ ಆಧುನಿಕ ರಂಗಕ್ಕೆ ಒಗ್ಗಿಸಿದರು.

ಬಿಸ್ಸಾನೊ ರಾಮ್ ಗೋಪಾಲ್ ಜನಿಸಿದ್ದು 1912ರಲ್ಲಿ, ಬೆಂಗಳೂರಿನಲ್ಲಿ. ತಂದೆ ರಜಪೂತ ಮನೆತನದ ವಕೀಲರು, ತಾಯಿ ಬರ್ಮಾ ಮೂಲದವರು. ಮೈಸೂರು ಸಂಸ್ಥಾನವು 1909ರಲ್ಲಿಯೇ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ನೃತ್ಯವೆಂದರೆ ಸುಶಿಕ್ಷಿತ ಸಮಾಜ ಮುಖ ಸಿಂಡರಿಸುತ್ತಿದ್ದ ಕಾಲವದು. ವಕೀಲರ ಮಗನೊಬ್ಬ ಗೆಜ್ಜೆ ಕಟ್ಟುವುದು ಮನೆಯವರಿಗೆ ಒಪ್ಪಿತವಾಗಲಿಲ್ಲ. ಹುಡುಗನ ಪ್ರತಿಭೆಯನ್ನು ಗುರುತಿಸಿ ಪ್ರೋತ್ಸಾಹಿಸಿದವರು ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು.

ಮುಂದಿನದು ಕಠಿಣ ಅಭ್ಯಾಸದ ಅಧ್ಯಾಯ. ಕುಂಜು ಕುರುಪ್ ಅವರಲ್ಲಿ ಕಥಕಳಿ, ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆ ಅವರಲ್ಲಿ ಭರತನಾಟ್ಯ ಕಲಿತ ರಾಮ್ ಗೋಪಾಲ್, ಕಥಕ್ ಪ್ರಕಾರವನ್ನೂ ಕರಗತ ಮಾಡಿಕೊಂಡರು. ಒಬ್ಬನೇ ಕಲಾವಿದ ಇಷ್ಟು ಪ್ರಕಾರಗಳಿಗೆ ಮೈಯೊಡ್ಡುವುದು ಅಂದಿಗೆ ಅಪರೂಪದ ಸಾಹಸವಾಗಿತ್ತು.

ಬೆಂಗಳೂರಿನ ಆಚೆಗೆ ಬಾಗಿಲು ತೆರೆದದ್ದು ಅಮೆರಿಕದ ನರ್ತಕಿ ಲಾ ಮೇರಿ. ಅವರ ಜತೆ 1930ರ ದಶಕದ ಮಧ್ಯಭಾಗದಲ್ಲಿ ಪೂರ್ವ ಏಷ್ಯಾದ ಪ್ರವಾಸ ಕೈಗೊಂಡ ರಾಮ್ ಗೋಪಾಲ್, ಬಳಿಕ ಸ್ವತಂತ್ರವಾಗಿ ಹೆಜ್ಜೆ ಹಾಕಿದರು. 1938ರಲ್ಲಿ ನ್ಯೂಯಾರ್ಕ್ ಅವರನ್ನು ಕಂಡಿತು. 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದ ಪ್ರದರ್ಶನಗಳು ಅವರನ್ನು ಪ್ರಸಿದ್ಧಿಯ ಶಿಖರಕ್ಕೇರಿಸಿದವು. ರಷ್ಯಾದ ಮಹಾನ್ ನರ್ತಕ ನಿಜಿನ್‌ಸ್ಕಿಯೊಂದಿಗೆ ಅವರನ್ನು ಹೋಲಿಸುವುದು ವಾಡಿಕೆಯಾಯಿತು.

ಅವರ ಪ್ರಯೋಗಶೀಲತೆ ಇದ್ದುದು ಪ್ರಸ್ತುತಿಯಲ್ಲಿ. ಇರುಳಿಡೀ ನಡೆಯುವ ಕಥಕಳಿ, ದೀರ್ಘವಾಗಿ ಬೆಳೆಯುವ ಭರತನಾಟ್ಯದ ವರ್ಣ ಇವು ಪರದೇಶದ ಪ್ರೇಕ್ಷಕನಿಗೆ ಸುಲಭವಾಗಿ ದಕ್ಕುವಂಥವಲ್ಲ. ರಾಮ್ ಗೋಪಾಲ್ ನೃತ್ಯಬಂಧಗಳನ್ನು ಚಿಕ್ಕದಾಗಿಸಿದರು. ಬೇರೆ ಬೇರೆ ಪ್ರಕಾರಗಳನ್ನು ಒಂದೇ ಸಂಜೆಯ ಕಾರ್ಯಕ್ರಮದಲ್ಲಿ ಹೆಣೆದರು. ಬೆಳಕು ಮತ್ತು ವೇಷಭೂಷಣಗಳಿಗೆ ಹೆಚ್ಚಿನ ಮಹತ್ವ ನೀಡಿದರು. ವಿಶಾಲ ರೆಕ್ಕೆಗಳನ್ನು ಧರಿಸಿ ಅವರು ಮಾಡುತ್ತಿದ್ದ ಗರುಡ ನೃತ್ಯ ಮನೆಮಾತಾಯಿತು. ಹೀಗೆ ಕತ್ತರಿಸಿ ಜೋಡಿಸಿದಾಗ ಪರಂಪರೆಯ ಸತ್ವ ಉಳಿಯುವುದೇ ಎಂಬ ಪ್ರಶ್ನೆ ಸಹಜ. ಕಾಲಾವಧಿಯನ್ನು ಕುಗ್ಗಿಸಿದರೂ ಗುರುಗಳಿಂದ ಕಲಿತ ಅಂಗಶುದ್ಧಿಯನ್ನು ಬಿಟ್ಟುಕೊಡದಿರುವುದೇ ಅವರು ಕಂಡುಕೊಂಡ ಉತ್ತರವಾಗಿತ್ತು.

ಎರಡನೆಯ ಮಹಾಯುದ್ಧ ಅವರನ್ನು ತಾಯ್ನಾಡಿಗೆ ಮರಳಿಸಿತು. ಬೆಂಗಳೂರಿನಲ್ಲಿ ನೃತ್ಯಶಾಲೆ ತೆರೆದರು. ಮುಂದೆ ಅಹಮದಾಬಾದಿನಲ್ಲಿ ದರ್ಪಣ ಸಂಸ್ಥೆ ಕಟ್ಟಿದ ಮೃಣಾಲಿನಿ ಸಾರಾಭಾಯಿ ಅವರೂ ಆ ದಿನಗಳಲ್ಲಿ ರಾಮ್ ಗೋಪಾಲ್ ಜತೆ ರಂಗವೇರಿದವರೇ. ಯುದ್ಧ ಮುಗಿದ ಮೇಲೆ ಮತ್ತೆ ಪಶ್ಚಿಮದತ್ತ ಪಯಣ.

1956ರ ಎಡಿನ್‌ಬರೊ ಉತ್ಸವದಲ್ಲಿ ತಾಜ್‌ಮಹಲ್ ಕಥೆಯನ್ನು ಆಧರಿಸಿದ ನೃತ್ಯನಾಟಕವನ್ನು ಅವರು ಪ್ರಸ್ತುತಪಡಿಸಿದರು. 1960ರಲ್ಲಿ ಇಂಗ್ಲೆಂಡಿನ ಪ್ರಖ್ಯಾತ ಬ್ಯಾಲೆ ತಾರೆ ಅಲಿಸಿಯಾ ಮಾರ್ಕೊವಾ ಅವರೊಂದಿಗೆ ರಾಧಾ-ಕೃಷ್ಣ ನೃತ್ಯರೂಪಕದಲ್ಲಿ ಕಾಣಿಸಿಕೊಂಡರು. ತುದಿಗಾಲಿನಲ್ಲಿ ಮೇಲಕ್ಕೆ ಚಿಮ್ಮುವ ಬ್ಯಾಲೆಗೂ ಮಂಡಿ ಬಾಗಿಸಿ ನೆಲವನ್ನು ಮೆಟ್ಟುವ ಭಾರತೀಯ ನೃತ್ಯಕ್ಕೂ ಸೇತುವೆ ಕಟ್ಟುವ ಯತ್ನವದು. ಇದರ ನಡುವೆ 1954ರಲ್ಲಿ ತೆರೆಕಂಡ 'ದಿ ಪರ್ಪಲ್ ಪ್ಲೇನ್' ಚಿತ್ರದಲ್ಲಿ ನಟಿಸಿದ್ದೂ ಉಂಟು. 1957ರಲ್ಲಿ ಆತ್ಮಕಥೆ ಪ್ರಕಟವಾಯಿತು.

ಲಂಡನ್ನಿನಲ್ಲಿಯೂ ಅವರು ಶಾಲೆಯೊಂದನ್ನು ಆರಂಭಿಸಿದರಾದರೂ ಅದು ಬಹುಕಾಲ ಬಾಳಲಿಲ್ಲ. ತಮ್ಮ ಹೆಸರನ್ನು ಮುಂದಿನ ತಲೆಮಾರಿಗೆ ದಾಟಿಸುವ ಸಂಸ್ಥೆಯೊಂದನ್ನು ಅವರು ಬಿಟ್ಟುಹೋಗಲಿಲ್ಲ. ಜಗತ್ತು ಕೊಂಡಾಡಿದ ನರ್ತಕನನ್ನು ತವರೂರು ಮೆಲ್ಲನೆ ಮರೆತದ್ದಕ್ಕೆ ಇದೂ ಒಂದು ಕಾರಣ. ಗೌರವಗಳು ಬಂದದ್ದು ತಡವಾಗಿ. ಕೇಂದ್ರ ಸಂಗೀತ ನಾಟಕ ಅಕಾಡೆಮಿ 1990ರಲ್ಲಿ ಫೆಲೋಷಿಪ್ ನೀಡಿತು. 1999ರಲ್ಲಿ ಬ್ರಿಟನ್ ಸರ್ಕಾರದ ಒಬಿಇ ಪುರಸ್ಕಾರ ಸಂದಿತು. 2003ರ ಅಕ್ಟೋಬರ್ 12ರಂದು ಇಂಗ್ಲೆಂಡಿನಲ್ಲಿ ರಾಮ್ ಗೋಪಾಲ್ ಕೊನೆಯುಸಿರೆಳೆದರು.

ನೃತ್ಯ ಕ್ಷಣಿಕ ಕಲೆ. ನರ್ತಕನೊಂದಿಗೆ ಅದೂ ಮರೆಯಾಗುತ್ತದೆ. ರಾಮ್ ಗೋಪಾಲ್ ವಿಷಯದಲ್ಲಿ ಅಷ್ಟರಮಟ್ಟಿಗೆ ಕಾಲ ಉದಾರವಾಗಿದೆ. ನ್ಯೂಯಾರ್ಕಿನಲ್ಲಿ ಕಾರ್ಲ್ ವ್ಯಾನ್ ವೆಕ್ಟನ್ ತೆಗೆದ ಛಾಯಾಚಿತ್ರಗಳೂ ಸಾರಾ ಎರುಲ್ಕರ್ ನಿರ್ದೇಶಿಸಿದ 'ಲಾರ್ಡ್ ಶಿವ ಡ್ಯಾನ್ಸ್ಡ್' ಸಾಕ್ಷ್ಯಚಿತ್ರವೂ ಬೆಂಗಳೂರಿನ ಈ ನರ್ತಕನ ನಿಲುವು, ಚಲನೆಗಳನ್ನು ಹಿಡಿದಿಟ್ಟಿವೆ. ಇಂದು ಗೆಜ್ಜೆ ಕಟ್ಟಿ ರಂಗಕ್ಕೆ ಬರುವ ಕರ್ನಾಟಕದ ತರುಣರು ಒಮ್ಮೆಯಾದರೂ ಅವುಗಳನ್ನು ನೋಡಬೇಕು.